ಇಶಾನ್ ಬಹುಮಾನ ಗೆಲ್ಲದಿದ್ದರೆ?

ಆಮೀರ್ ಖಾನ್ ನಿರ್ದೇಶನದ 'ತಾರೇ ಜಮೀನ್ ಪರ್' ತೆರೆಕಂಡದ್ದು 2007ರ ಡಿಸೆಂಬರಿನಲ್ಲಿ. ನಮ್ಮ ಕೆಂಗೇರಿ ಉಪನಗರದ ಪೋಷಕರ ಸಭೆಗಳಲ್ಲಿ ಮಕ್ಕಳ ಮನಸ್ಸಿನ ಮಾತು ಬಂದರೆ ಇಂದಿಗೂ ಯಾರಾದರೊಬ್ಬರು ಅದನ್ನು ನೆನೆಯುತ್ತಾರೆ. ಸೋಮಾರಿ ಎಂದು ಬೈಸಿಕೊಂಡ ಇಶಾನ್ ಸೋಮಾರಿಯಲ್ಲ, ಡಿಸ್ಲೆಕ್ಸಿಯಾದಿಂದಾಗಿ ಅವನಿಗೆ ಅಕ್ಷರಗಳೇ ಕೈಗೆ ಸಿಗುತ್ತಿಲ್ಲ ಎಂಬುದನ್ನು ಮನೆಮನೆಗೂ ಮುಟ್ಟಿಸಿದ ಚಿತ್ರ ಅದು. ನಾವೂ ನೋಡಿ ಕಣ್ಣೊರೆಸಿಕೊಂಡವರೇ.

ಆದರೆ ಅದರ ಕೊನೆ ನಮಗೆ ಒಪ್ಪಿಗೆಯಾಗಿಲ್ಲ. ಇಶಾನ್ ಚಿತ್ರಕಲಾ ಸ್ಪರ್ಧೆಯಲ್ಲಿ ಗೆಲ್ಲುತ್ತಾನೆ. ಹೆತ್ತವರ ಕಣ್ಣು ತುಂಬುತ್ತದೆ. ಗೆಲ್ಲದಿದ್ದರೆ? ಚಿತ್ರ ಬರೆಯಲೂ ಬಾರದ, ಓಟದಲ್ಲೂ ಹಿಂದುಳಿಯುವ ಮಗುವಿಗೆ ಆ ಶಾಲೆಯಲ್ಲಿ ಜಾಗವೆಲ್ಲಿ? ಐನ್‌ಸ್ಟೈನ್, ಎಡಿಸನ್ ಹೆಸರು ಹೇಳಿ ಧೈರ್ಯ ತುಂಬುವ ಮೇಷ್ಟ್ರು ಕೂಡ ಅರಿವಿಲ್ಲದೆ ಇನ್ನೊಂದು ರ್‍ಯಾಂಕ್ ಪಟ್ಟಿಯನ್ನೇ ಓದುತ್ತಿದ್ದಾರೆ.

ಮನಶ್ಶಾಸ್ತ್ರ ಶಾಲೆಯೊಳಗೆ ಬಂದ ದಾರಿಯಲ್ಲೂ ಈ ಎಡವಟ್ಟಿದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಬುದ್ಧಿ ಪರೀಕ್ಷೆಯನ್ನು ರೂಪಿಸಿದ್ದು ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ತಿಳಿಯಲು. ಅಮೆರಿಕ ಸೇರಿದ ಮೇಲೆ ಅದೇ ಪರೀಕ್ಷೆ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಅಳತೆಗೋಲಾಯಿತು. ನಮ್ಮ ಬಿ.ಎಡ್. ಪಠ್ಯಗಳಲ್ಲಂತೂ ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ, ಸ್ಕಿನ್ನರನ ಇಲಿ, ಕೋಹ್ಲರನ ಚಿಂಪಾಂಜಿ ಎಲ್ಲವೂ ಉಂಟು. ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಹುಡುಗಿಗೆ ಮಾತ್ರ ಆ ಪ್ರಾಣಿಗಳಷ್ಟು ಪುಟಗಳು ಸಿಗುವುದಿಲ್ಲ.

ಅವಳೇಕೆ ಬಾಯಿ ಬಿಡುವುದಿಲ್ಲ? ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ಉರ್ದು, ಕನ್ನಡ ಎರಡರಲ್ಲೂ ಓದಿದ ನಮಗೆ ಆ ಮೌನದ ಪರಿಚಯವಿದೆ. ಉತ್ತರ ಗೊತ್ತಿರುತ್ತದೆ, ಕೇಳಿದ ಭಾಷೆಯಲ್ಲಿ ಇರುವುದಿಲ್ಲ. ಅಂಥ ಮಗುವಿಗೆ 'ಮಂದ' ಎಂಬ ಹಣೆಪಟ್ಟಿ ಬಹಳ ಬೇಗ ಅಂಟುತ್ತದೆ. ಭಾಷೆಯ ತೊಡಕು ಯಾವುದು, ಕಲಿಕೆಯ ತೊಡಕು ಯಾವುದು, ಮನೆಯ ಸಂಕಟ ಯಾವುದು ಎಂದು ಬಿಡಿಸಿ ನೋಡುವುದಕ್ಕೇ ಶಾಲೆಗೆ ಮನಶ್ಶಾಸ್ತ್ರ ಬೇಕು.

ಹಾಗಾಗಿ ತೆತ್ಸುಕೊ ಕುರೊಯನಾಗಿಯವರ ಬಾಲ್ಯದ ನೆನಪುಗಳಾದ 'ತೊತ್ತೊ-ಚಾನ್' ನಮಗೆ ಹೆಚ್ಚು ಹತ್ತಿರ. ಜಪಾನಿನಲ್ಲಿ 1981ರಲ್ಲಿ ಪ್ರಕಟವಾದ ಈ ಪುಸ್ತಕ ಕನ್ನಡಕ್ಕೂ ಬಂದಿದೆ. ಹಳೆಯ ಶಾಲೆಯಿಂದ ಹೊರದೂಡಲ್ಪಟ್ಟ ಪುಟ್ಟ ಹುಡುಗಿಯ ಮಾತನ್ನು ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನವೇ ನಾಲ್ಕು ಗಂಟೆ ಕೇಳುತ್ತಾರೆ. ಆಮೇಲೆ ಸೇರಿಸಿಕೊಳ್ಳುತ್ತಾರೆ. ಅವಳು ಏನನ್ನೂ ಗೆದ್ದು ತೋರಿಸಬೇಕಾಗಿಲ್ಲ. ನಿಜ, ತೊಮೊಯೆಯಲ್ಲಿ ಇದ್ದವರು ಸುಮಾರು ಐವತ್ತೇ ಮಕ್ಕಳು. ನಮ್ಮಲ್ಲಿ ಒಂದು ತರಗತಿಯಲ್ಲೇ ಅಷ್ಟು ಜನ ಇರುವುದುಂಟು. ಮೇಷ್ಟ್ರೊಬ್ಬರ ಒಳ್ಳೆಯತನದಿಂದ ಆಗುವ ಕೆಲಸವಲ್ಲ ಇದು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕೆಂದಿತು. ಅಂಕ ನೋಡಿ ಮಕ್ಕಳನ್ನು ಬೇರ್ಪಡಿಸುವುದನ್ನೂ ಎಲ್ಲರೆದುರು ಅವಮಾನಿಸುವುದನ್ನೂ ಸಾಧ್ಯವಾದಷ್ಟು ಬಿಡಬೇಕೆಂದಿತು. ಆದರೆ ಫಲಿತಾಂಶ ಹೆಚ್ಚಿಸಲೆಂದೇ ನೇಮಕವಾದ ಸಮಾಲೋಚಕರ ಎದುರು ಯಾವ ಮಗು ಮನಸ್ಸು ಬಿಚ್ಚೀತು? ಆ ಕೊಠಡಿಯಲ್ಲಿ ಮಗು ಆಡಿದ ಮಾತು ಸ್ಟಾಫ್ ರೂಮಿಗೆ ಹೋಗುತ್ತದೆಯೇ, ಅಂಕಪಟ್ಟಿಯ ಕಡತ ಸೇರುತ್ತದೆಯೇ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಬೇಕು. ಇನ್ನು, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿನ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ವಾರಕ್ಕೆರಡು ದಿನ ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಬರುವಂತಾದರೆ, ಕನ್ನಡದಲ್ಲೋ ದಖನಿಯಲ್ಲೋ ಆ ಹುಡುಗಿಯ ಮಾತು ಕೇಳುವವರು ಸಿಕ್ಕಾರು.