ಸಂಸ್ಕೃತ ಅಸ್ಥಿಯ ‘ಕಸಿ’: ಒಂದು ವಿಮರ್ಶೆ

ಸಡಿಲಿದ ಕೃತಕ ಸೊಂಟದ ಕೀಲನ್ನು ಬದಲಿಸುವಾಗ, ಸವೆದ ಎಡೆಯಲ್ಲಿ ದಾನಿಗಳ ಎಲುಬಿನ ಚೂರುಗಳನ್ನು ಒತ್ತಿ ತುಂಬಿ, ಅದರ ಮೇಲೆ ಸಿಮೆಂಟಿನಿಂದ ಹೊಸ ಕೀಲನ್ನು ನಿಲ್ಲಿಸುವ ಕ್ರಮವುಂಟು. ಕೀಲಿನ ಬಟ್ಟಲಿಗೆ ಇದನ್ನು ಹಾಲೆಂಡಿನ ಸ್ಲೂಫ್ ಮೊದಲಾದವರು 1984ರಲ್ಲಿಯೂ, ತೊಡೆಯೆಲುಬಿಗೆ ಎಕ್ಸೆಟರಿನ ಗೀ, ಲಿಂಗ್ ಮೊದಲಾದವರು 1993ರಲ್ಲಿಯೂ ನಿರೂಪಿಸಿದರು.

ಇದಕ್ಕೆ ‘ಕಸಿ’ಯೆಂಬ ಹೆಸರು ರೂಢಿಯಲ್ಲಿದೆ. ತೋಟಗಾರನ ಕಸಿಯಲ್ಲಿ ಕೊಂಬೆಯು ಸಜೀವವಾದುದು. ತೊಳೆದು, ಒಣಗಿಸಿ, ಗಾಮಾ ಕಿರಣಗಳಿಂದ ಶುದ್ಧಗೊಳಿಸಿದ ಅಸ್ಥಿಯಾದರೋ ನಿರ್ಜೀವವು. ಅದು ಚಪ್ಪರ ಮಾತ್ರ. ಹಬ್ಬಬೇಕಾದ ಬಳ್ಳಿ ರೋಗಿಯ ಸ್ವಂತ ಅಸ್ಥಿಯೇ. ಸಂಸ್ಕಾರವು ಸೋಂಕಿನ ಭಯವನ್ನು ತಗ್ಗಿಸುವುದು ನಿಜ; ಕೊಬ್ಬನ್ನು ತೊಳೆದರೆ ಚೂರುಗಳು ಬಿಗಿಯಾಗಿ ಕೂಡುವುದೂ ನಿಜ. ಆದರೆ ಕಿರಣದ ಪ್ರಮಾಣವು ಮೀರಿದಲ್ಲಿ ಅಸ್ಥಿಯ ಬಲವೇ ಕುಂದುವುದು. ಆದುದರಿಂದ ಶುದ್ಧಿಯೊಂದೇ ಗುಣವೆನಿಸದು. ಬಳ್ಳಿಯು ಹಬ್ಬುವವರೆಗೆ ಚಪ್ಪರವು ನಿಲ್ಲುವುದೇ ಎಂಬುದೇ ಈ ಕ್ರಮಕ್ಕೆ ತಕ್ಕ ಒರೆಗಲ್ಲು.