ಕಣ್ಣು ಪಿನ್ನಿನ ಮೇಲಿರಲಿ

ನೂರು ಮೀಟರಿನ ಉಕ್ಕಿನ ಪೈಪು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 24 ಸೆಂಟಿಮೀಟರ್ ಉದ್ದವಾಗುತ್ತದೆ. ಅಷ್ಟು ಬೆಳೆಯಲು ಜಾಗ ಬಿಡದಿದ್ದರೆ ಪೈಪು ಸೊಟ್ಟಗಾಗುತ್ತದೆ, ಇಲ್ಲವೇ ತಾನು ಕೂತ ಆಧಾರವನ್ನೇ ಕೀಳುತ್ತದೆ. ಅದಕ್ಕೇ ನಡುನಡುವೆ ಬೆಲ್ಲೋಸ್ ಕೂರಿಸುತ್ತಾರೆ; ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ, ತೆಳು ಸ್ಟೇನ್‌ಲೆಸ್ ಸ್ಟೀಲಿನ ತುಂಡು.

ಮಡಿಕೆಗಳ ಹೊಳಪು ಯಾರನ್ನಾದರೂ ಸೆಳೆಯುತ್ತದೆ. ಬಲ್ಲವರು ಮಾತ್ರ ಮೊದಲು ನೋಡುವುದು ಎರಡು ಮಗ್ಗುಲಿನ ದಪ್ಪ ಪಟ್ಟಿಗಳನ್ನು, ಅವನ್ನು ಕೂಡಿಸುವ ಪಿನ್ನುಗಳನ್ನು. ಪೈಪಿನೊಳಗಿನ ಒತ್ತಡ ಮಡಿಕೆಗಳನ್ನು ಸದಾ ಬಿಡಿಸಿ ಹಿಗ್ಗಿಸಲು ನೋಡುತ್ತಿರುತ್ತದೆ. ಅರ್ಧ ಮೀಟರ್ ವ್ಯಾಸದ ಬೆಲ್ಲೋಸಿನಲ್ಲಿ ಚದರ ಸೆಂಟಿಮೀಟರಿಗೆ 10 ಕೆ.ಜಿ. ಒತ್ತಡವಿದ್ದರೆ ಆ ನೂಕುಬಲ ಹತ್ತಿರ ಹತ್ತಿರ 20 ಟನ್! ಹೀಗೆ ಪಟ್ಟಿ, ಪಿನ್ನು ಇರುವ ಕೀಲಿನ ಬೆಲ್ಲೋಸಿನಲ್ಲಿ ಆ ಭಾರವನ್ನೆಲ್ಲ ಅವೇ ಹೊರುತ್ತವೆ. ಮಡಿಕೆಗಳಿಗೆ ಉಳಿಯುವುದು ಒಂದೇ ಕೆಲಸ, ಬಾಗಿಲಿನಂತೆ ಒಂದೇ ಸಮತಲದಲ್ಲಿ ಬಾಗುವುದು.

ಪಿನ್ನಿಲ್ಲದಿದ್ದರೆ ಏನಾದೀತೆಂಬುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಸಾಕ್ಷಿ. ಅಲ್ಲಿನ ನೈಪ್ರೋ ಕಾರ್ಖಾನೆಯಲ್ಲಿ ಆರು ರಿಯಾಕ್ಟರುಗಳು ಮೆಟ್ಟಿಲಿನಂತೆ ಇಳಿಜಾರಾಗಿ ನಿಂತಿದ್ದವು. ಐದನೆಯದು ಬಿರುಕುಬಿಟ್ಟಾಗ ಅದನ್ನು ತೆಗೆದು, ನಾಲ್ಕರಿಂದ ಆರಕ್ಕೆ 20 ಇಂಚಿನ ಪೈಪೊಂದನ್ನು ಹಾಯಿಸಿದರು. ಎತ್ತರ ಬೇರೆಬೇರೆಯಾದ್ದರಿಂದ ಪೈಪಿಗೆ ಎರಡು ತಿರುವು. ಅದರ ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಎರಡೂ ತುದಿಗೆ ಬೆಲ್ಲೋಸ್ ಇತ್ತು, ಕೀಲಿರಲಿಲ್ಲ. ಕೆಳಗೆ ಆಸರೆಗಿದ್ದದ್ದು ಸಾರುವೆಯ ಕೊಳವೆಗಳು. ಎರಡು ತುದಿಯ ನೂಕುಬಲಗಳು ಒಂದೇ ಸಾಲಿನಲ್ಲಿಲ್ಲದೆ ಪೈಪನ್ನು ತಿರುಗಿಸಲು ಹೊರಟವು. 1974ರ ಜೂನ್ 1ರಂದು ಅದು ಕಿತ್ತು ಬಂದು, ಹೊರಚೆಲ್ಲಿದ ಸೈಕ್ಲೋಹೆಕ್ಸೇನ್ ಆವಿ ಸಿಡಿದು, 28 ಮಂದಿ ಸತ್ತರು. ಅಧಿಕೃತ ತನಿಖೆ ಬೊಟ್ಟು ಮಾಡಿದ್ದು ಆ ತಾತ್ಕಾಲಿಕ ಪೈಪಿನತ್ತಲೇ.

ಕೀಲಿನ ಬೆಲ್ಲೋಸ್ ಒಂಟಿಯಾಗಿ ದುಡಿಯುವುದಿಲ್ಲ. ಪೈಪು ತಿರುಗುವ ಮೂಲೆಯಲ್ಲಿ ಎರಡೋ ಮೂರೋ ಸೇರಿದರೇನೇ ಅದರ ಸೊಗಸು. ಪಿನ್ನುಗಳೆಲ್ಲ ಸಮಾನಾಂತರವಾಗಿರಬೇಕು, ಒಂದು ವಾರೆಯಾದರೂ ಬೆಲ್ಲೋಸಿಗೆ ತಿರುಚು ಬೀಳುತ್ತದೆ, ಅದನ್ನು ತಾಳುವ ಶಕ್ತಿ ಆ ತೆಳು ಲೋಹಕ್ಕಿಲ್ಲ.

ಇನ್ನೊಂದು ವಿಷಯ. ಸಾಗಣೆಯಲ್ಲಿ ಮಡಿಕೆ ಅಲುಗದಂತೆ ಕಟ್ಟಿದ ಪಟ್ಟಿಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ ಬಳಿದಿರುತ್ತಾರೆ. ಪೈಪಿಗೆ ಕೂರಿಸುವವರೆಗೆ ಅವನ್ನು ಮುಟ್ಟುವಂತಿಲ್ಲ. ಕೂರಿಸಿದ ಮೇಲೆ, ಒತ್ತಡದ ಪರೀಕ್ಷೆಗೆ ಮೊದಲೇ, ಅವನ್ನು ಕಳಚಿಬಿಡಬೇಕು.