ಎಳೆಯ ಹೆಗಲು, ಬೇಟೆಯ ಭಾರ: ಭೀಮಾತೀರದ ಹಿನ್ನೆಲೆಯಲ್ಲಿ ಬಾಲಕನ ಬೇಟೆದೀಕ್ಷೆಯ ಸಾಹಿತ್ಯಿಕ ನೆಲೆಗಳು

೧

ಕನ್ನಡ ಸಾಹಿತ್ಯದಲ್ಲಿ ಬೇಟೆಯನ್ನು ಕುರಿತು ನಡೆದ ಅಧ್ಯಯನಗಳು ಬಹುಮಟ್ಟಿಗೆ ಎರಡು ಜಾಡುಗಳಲ್ಲಿ ಸಾಗಿವೆ. ಕಾವ್ಯಮೀಮಾಂಸೆಯ ಹಿನ್ನೆಲೆಯಿಂದ ಬಂದ ವಿದ್ವಾಂಸರು ಬೇಟೆಯನ್ನು ಒಂದು ವರ್ಣನಾಂಗವೆಂದು ನೋಡಿದ್ದಾರೆ. ವಿಶ್ವನಾಥನ ಸಾಹಿತ್ಯದರ್ಪಣವು ಮಹಾಕಾವ್ಯದ ವರ್ಣನೆಗಳಲ್ಲಿ ಮೃಗಯೆಯನ್ನೂ ಹೆಸರಿಸುತ್ತದೆ. ಅದಕ್ಕಿಂತ ಬಹಳ ಹಿಂದೆಯೇ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಬೇಟೆಯ ಬಗೆಗಳನ್ನು ತಿಳಿದವನ ಖಚಿತತೆಯಿಂದ ವರ್ಣಿಸಿದ್ದಾನೆ. ಜಾನಪದ ವಿದ್ವಾಂಸರಾದರೋ ಬೇಟೆಯನ್ನು ಆಚರಣೆಯ ಅವಶೇಷವೆಂದು, ಸಮುದಾಯದ ಕಸುಬೆಂದು ಪರಿಗಣಿಸಿದ್ದಾರೆ. ಈ ಎರಡೂ ಜಾಡುಗಳಲ್ಲಿ ಒಂದು ಪ್ರಶ್ನೆ ಹಿಂದುಳಿದಿದೆ. ಬೇಟೆಯನ್ನು ಹುಟ್ಟಿನಿಂದಲೇ ಬಲ್ಲವನು ಯಾರೂ ಇಲ್ಲ. ಯಾರೋ ಒಬ್ಬ ಹಿರಿಯನು ಯಾವನೋ ಒಬ್ಬ ಬಾಲಕನ ಕೈಗೆ ಮೊದಲ ಬಾರಿಗೆ ಆಯುಧವನ್ನು ಕೊಟ್ಟಿರಲೇಬೇಕು. ಆ ಗಳಿಗೆಯನ್ನು ನಮ್ಮ ಸಾಹಿತ್ಯ ಹೇಗೆ ಕಂಡಿದೆ? ಆಯುಧದ ಭಾರವನ್ನು ಹೊರುವ ಎಳೆಯ ಹೆಗಲಿನ ಬಗ್ಗೆ ಅದು ಏನು ಹೇಳಿದೆ?

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲೂಕುಗಳ ಪರಿಸರವನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುತ್ತದೆ. ಈ ಆಯ್ಕೆಗೆ ಕಾರಣಗಳಿವೆ. ಇದು ಕಾಡಿನ ನಾಡಲ್ಲ, ಬಯಲು ಸೀಮೆ. ಅಮರ್ಜಾ ನದಿಯು ಆಳಂದದ ಕಡೆಯಿಂದ ಹರಿದು ಬಂದು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಜೇವರ್ಗಿಯ ದಕ್ಷಿಣಕ್ಕೆ ಬೇಡ ನಾಯಕರ ಸುರಪುರ, ಪೂರ್ವದ ಸೇಡಂ ತಾಲೂಕಿನಲ್ಲಿ ರಾಷ್ಟ್ರಕೂಟರ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ. ಬೇಟೆಯನ್ನು ನಿರಾಕರಿಸಿದ ಜೈನಕಥನವೂ, ಬೇಡನನ್ನೇ ಭಕ್ತನನ್ನಾಗಿ ಕಂಡ ಶೈವಕಥನವೂ, ಆಯುಧವನ್ನು ಮನೆತನದ ಮಾನವೆಂದು ತಿಳಿದ ಬೇಡರ ಲಾವಣಿಯೂ ಈ ಸೀಮೆಯ ಆಸುಪಾಸಿನಲ್ಲಿ ಒಂದನ್ನೊಂದು ಸಂಧಿಸುತ್ತವೆ.

೨

ಮೊದಲಿಗೆ ಆಯುಧದ ಮಾತು. ಬಂದೂಕು ಮುಂದಕ್ಕೆ ಗುಂಡನ್ನು ಎಸೆಯುವಾಗ ಹಿಂದಕ್ಕೆ ಹೆಗಲನ್ನು ನೂಕುತ್ತದೆ. ಆಡುಮಾತಿನಲ್ಲಿ ಇದನ್ನು ‘ಬಂದೂಕು ಒದೆಯುತ್ತದೆ’ ಎನ್ನುತ್ತಾರೆ. ಮದ್ದು ಹೆಚ್ಚಿದಷ್ಟೂ, ಗುಂಡು ಭಾರವಾದಷ್ಟೂ ಒದೆ ಹೆಚ್ಚು. ಬಂದೂಕು ತೂಕವಾಗಿದ್ದಷ್ಟೂ ಕಡಿಮೆ. ಬಾಲಕನ ವಿಷಯದಲ್ಲಿ ಇದೊಂದು ಇಕ್ಕಟ್ಟು. ಹಗುರಾದ ಬಂದೂಕನ್ನು ಅವನು ಎತ್ತಬಲ್ಲ, ಆದರೆ ಅದರ ಒದೆಯನ್ನು ತಾಳಲಾರ. ಒದೆ ಕಡಿಮೆಯಿರುವ ತೂಕದ ಬಂದೂಕನ್ನು ತಾಳಬಲ್ಲ, ಆದರೆ ಎತ್ತಲಾರ. ಒಮ್ಮೆ ಒದೆ ತಿಂದ ಹುಡುಗ ಮುಂದಿನ ಬಾರಿ ಕುದುರೆಯೆಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಗುರಿ ತಪ್ಪುತ್ತದೆ, ಪ್ರಾಣಿ ಸಾಯದೆ ಗಾಯಗೊಂಡು ಓಡುತ್ತದೆ.

ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕಿನಲ್ಲಿ ಈ ಇಕ್ಕಟ್ಟಿಗೆ ಪರಿಹಾರವು ಹಿರಿಯನ ಅಂಗೈಯಲ್ಲಿತ್ತು. ಬಾರು ಮಾಡುವವನು ಮದ್ದಿನ ಅಳತೆಯನ್ನು ತಾನೇ ನಿರ್ಧರಿಸುತ್ತಿದ್ದನು. ಬಾಲಕನಿಗಾಗಿ ಅದನ್ನು ಕಡಿಮೆ ಮಾಡುವುದು ಸಾಧ್ಯವಿತ್ತು. ತೋಟಾ ಬಂದ ಮೇಲೆ ಈ ಅಳತೆ ಕಾರ್ಖಾನೆಗೆ ಹೋಯಿತು. ಆಗ ಉಳಿದದ್ದು ಬಂದೂಕನ್ನೇ ಬದಲಿಸುವ ದಾರಿ. 1887ರಲ್ಲಿ ಬಳಕೆಗೆ ಬಂದ .22 ಲಾಂಗ್ ರೈಫಲ್ ತೋಟಾದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ರೈಫಲಿನ ಗುಂಡು 19 ಗ್ರಾಂಗಿಂತ ಹೆಚ್ಚು. ಮೊದಲನೆಯದರ ಒದೆ ಹೆಗಲಿಗೆ ತಿಳಿಯುವುದೇ ಇಲ್ಲವೆನ್ನಬೇಕು. ಜಗತ್ತಿನ ಅನೇಕ ಕಡೆ ಮಕ್ಕಳ ಮೊದಲ ರೈಫಲ್ ಇದೇ ಆಗಿರುವುದಕ್ಕೆ ಕಾರಣ ಇದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹಿರಿಯನ ವಿವೇಕವಾಗಿದ್ದ ಅಳತೆಯು ಸರಕಿನ ಗುಣವಾಗಿ ಮಾರ್ಪಟ್ಟಿತು. ಒದೆಯಿಲ್ಲದ ಬಂದೂಕು ಹೆಗಲನ್ನು ಕಾಪಾಡುತ್ತದೆ, ನಿಜ. ಆದರೆ ಕೊಂದ ಮೇಲೆ ಮನಸ್ಸಿಗೆ ಬೀಳುವ ಒದೆಯ ಮಾತೇನು? ನಮ್ಮ ಕಾವ್ಯಗಳು ಕೇಳಿದ್ದು ಈ ಎರಡನೆಯ ಪ್ರಶ್ನೆಯನ್ನು.

೩

ಜನ್ನನ ಯಶೋಧರಚರಿತೆ 1209ರ ಕೃತಿ. ಆದರೆ ಯಶೋಧರನ ಕಥೆಗೆ ಈ ಸೀಮೆಯೊಡನೆ ಅದಕ್ಕಿಂತ ಹಳೆಯ ನಂಟಿದೆ. ಹತ್ತನೆಯ ಶತಮಾನದಲ್ಲಿ ಪುಷ್ಪದಂತನು ಅಪಭ್ರಂಶ ಭಾಷೆಯ ಜಸಹರಚರಿಉ ಕಾವ್ಯವನ್ನು ರಚಿಸಿದ್ದು ಮಾನ್ಯಖೇಟದಲ್ಲಿ. ಜನ್ನನ ಕಾವ್ಯವನ್ನು ನಾವು ಸಾಮಾನ್ಯವಾಗಿ ಸಂಕಲ್ಪಹಿಂಸೆಯ ಕಥೆಯೆಂದು, ಅಮೃತಮತಿಯ ಪ್ರಣಯದ ಕಥೆಯೆಂದು ಓದುತ್ತೇವೆ. ಅದು ಬೇಟೆ ಮತ್ತು ಮಕ್ಕಳ ಕಥೆಯೂ ಹೌದು ಎಂಬುದು ವಿಮರ್ಶೆಯಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಹಲವು ಪ್ರಾಣಿಜನ್ಮಗಳನ್ನು ಹಾಯ್ದು ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಯಶೋಧರನ ಮಗನಾದ ಯಶೋಮತಿಯು ರಾಣಿಗೆ ತನ್ನ ಬಿಲ್ಲುಗಾರಿಕೆಯನ್ನು ತೋರಿಸಲೆಂದು ಸದ್ದಿನ ಜಾಡು ಹಿಡಿದು ಬಾಣ ಬಿಡುತ್ತಾನೆ. ಸತ್ತ ಕೋಳಿಗಳು ಅವನ ತಂದೆ ಮತ್ತು ಅಜ್ಜಿ. ಅವರೇ ಮುಂದೆ ಅವನ ಮಕ್ಕಳಾಗಿ, ಅಭಯರುಚಿ ಮತ್ತು ಅಭಯಮತಿ ಎಂಬ ಹೆಸರಿನಿಂದ ಹುಟ್ಟುತ್ತಾರೆ. ಇದೇ ಯಶೋಮತಿ ಬೇಟೆಗೆ ಹೊರಟಾಗ ಎದುರಾದ ಸುದತ್ತಮುನಿಯ ಮೇಲೆ ನಾಯಿಗಳನ್ನು ಬಿಡುತ್ತಾನೆ. ನಾಯಿಗಳು ಮುನಿಯನ್ನು ಮುಟ್ಟುವುದಿಲ್ಲ. ಕಾವ್ಯದ ಆರಂಭದಲ್ಲಿಯೇ ಆ ಇಬ್ಬರು ಎಳೆಯರನ್ನು ಮಾರಿಯ ಬಲಿಗಾಗಿ ಹಿಡಿದು ತರಲಾಗಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ರಚನೆಯನ್ನು ಕೂಡಿಸಿ ನೋಡಿದರೆ ಒಂದು ನಿಯಮ ಗೋಚರಿಸುತ್ತದೆ. ಬಾಣ ಬಿಟ್ಟವನಿಗೆ ಆ ಗಳಿಗೆಯಲ್ಲಿ ಯಾವ ನೋವೂ ಇಲ್ಲ. ಗುರಿ ಸರಿಯಾಗಿದೆ, ಕೈಚಳಕಕ್ಕೆ ಮೆಚ್ಚುಗೆಯೂ ಉಂಟು. ಒದೆ ಬೀಳುವುದು ಮುಂದಿನ ತಲೆಮಾರಿನ ಮೇಲೆ. ಕೊಲ್ಲುವ ಕಲೆಯನ್ನು ಆಟವಾಗಿಸಿದವನ ಮಕ್ಕಳೇ ಕೊಲೆಯ ಕಂಬದ ಬಳಿ ನಿಲ್ಲುತ್ತಾರೆ. ಆದರೆ ಜನ್ನನು ಮಕ್ಕಳನ್ನು ಬರಿಯ ಬಲಿಪಶುಗಳನ್ನಾಗಿ ಬಿಡುವುದಿಲ್ಲ. ಕಥೆಯನ್ನು ಹೇಳುವವರೇ ಅವರು. ದೊರೆ ಮಾರಿದತ್ತನು ಕೇಳುವವನು. ಹಿರಿಯನು ಕಿರಿಯನಿಗೆ ಬೇಟೆಯನ್ನು ಕಲಿಸುವ ಲೋಕಕ್ರಮವು ಇಲ್ಲಿ ತಲೆಕೆಳಗಾಗಿ, ಕಿರಿಯನು ಹಿರಿಯನಿಗೆ ಕೊಲ್ಲದಿರುವುದನ್ನು ಕಲಿಸುತ್ತಾನೆ.

೪

ಶೈವಪರಂಪರೆಯ ನಿಲುವು ಭಿನ್ನವಾದದ್ದು. ತಮಿಳಿನ ಪೆರಿಯಪುರಾಣದಲ್ಲಿ ಶೇಕ್ಕಿಳಾರನು ಕಣ್ಣಪ್ಪನ ಬಾಲ್ಯವನ್ನು ವಿಸ್ತಾರವಾಗಿ ಹೇಳುತ್ತಾನೆ. ಬೇಡರೊಡೆಯನಾದ ನಾಗನು ಮಗ ತಿಣ್ಣನಿಗೆ ಬಿಲ್ವಿದ್ಯೆಯನ್ನು ಕಲಿಸುತ್ತಾನೆ. ತನಗೆ ಮುಪ್ಪು ಬಂದಾಗ ಒಡೆತನವನ್ನು ಮಗನಿಗೆ ವಹಿಸಿ ಮೊದಲ ಬೇಟೆಗೆ ಕಳುಹಿಸುತ್ತಾನೆ. ಆ ಮೊದಲ ಬೇಟೆಯಲ್ಲಿಯೇ ಹಂದಿಯನ್ನು ಬೆನ್ನಟ್ಟಿದ ತಿಣ್ಣನು ಶಿವಲಿಂಗದ ಸನ್ನಿಧಿಗೆ ಬರುತ್ತಾನೆ. ಹೀಗೆ ಬೇಟೆದೀಕ್ಷೆಯೇ ಭಕ್ತಿದೀಕ್ಷೆಯ ಬಾಗಿಲಾಗುತ್ತದೆ. ಕನ್ನಡದಲ್ಲಿ ಹರಿಹರನು ಕಣ್ಣಪ್ಪನನ್ನು ಕುರಿತು ರಗಳೆ ಬರೆದಾಗ ಅವನ ಒಲವು ದೀಕ್ಷೆಯ ವಿವರಗಳಿಗಿಂತ ಭಕ್ತಿಯ ತೀವ್ರತೆಯ ಕಡೆಗಿದೆ. ಎರಡರಲ್ಲಿಯೂ ತುದಿ ಒಂದೇ. ಗುರಿಯಿಡಲು ಕಲಿತ ಕಣ್ಣನ್ನೇ ಬೇಡನು ಕಿತ್ತು ಕೊಡುತ್ತಾನೆ. ಬಾಣ ಹೂಡಿದ ಕೈ ತನ್ನ ಕಣ್ಣಿಗೇ ತಿರುಗುತ್ತದೆ. ಜೈನಕಥನದಲ್ಲಿ ವಂಶದ ಮೇಲೆ ಬಿದ್ದ ಭಾರವನ್ನು ಇಲ್ಲಿ ಬೇಟೆಗಾರನು ಸ್ವತಃ ಹೊರುತ್ತಾನೆ.

ಆಳಂದವು ಶರಣ ಏಕಾಂತದ ರಾಮಯ್ಯನ ಹುಟ್ಟೂರು ಎಂದು ಅಬ್ಬಲೂರಿನ ಶಾಸನದಿಂದ ತಿಳಿದುಬರುತ್ತದೆ. ಜೈನರೊಡನೆ ಅವನು ನಡೆಸಿದ ವಾದ ಪ್ರಸಿದ್ಧವಾದದ್ದು. ಮತಗಳು ಹೀಗೆ ಸೆಣಸಿದ ನೆಲದಲ್ಲಿ, ಬೇಟೆಯ ವಿಷಯದಲ್ಲಿ ಎರಡೂ ಪರಂಪರೆಗಳು ಒಂದು ಅಂಶವನ್ನು ಒಪ್ಪಿರುವುದು ಕುತೂಹಲಕರ. ಒದೆಯಿಲ್ಲದ ಬಾಣವೆಂಬುದು ಇಲ್ಲ.

ಏಕಲವ್ಯನ ಕಥೆಯನ್ನೂ ಈ ಸಾಲಿನಲ್ಲಿಟ್ಟು ನೋಡಬೇಕು. ಬೇಡರ ಹುಡುಗನು ಬೊಗಳುವ ನಾಯಿಯನ್ನು ಕೊಲ್ಲದೆ ಬಾಯಿಯನ್ನಷ್ಟೇ ಬಾಣಗಳಿಂದ ತುಂಬುತ್ತಾನೆ. ಕೊಲ್ಲಬಲ್ಲವನ ಸಂಯಮ ಅದು. ಆದರೂ ಹೆಬ್ಬೆರಳು ಹೋಗುತ್ತದೆ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (1947) ನಾಟಕದ ಹೆಸರೇ ಹೇಳುವಂತೆ, ಬಾಲಕನಿಗೆ ಆದ ಅನ್ಯಾಯದ ಫಲವು ಅಲ್ಲಿ ಗುರುವಿನ ಕೊರಳಿಗೇ ಹಿಂದಿರುಗುತ್ತದೆ. ಕಲಿಸುವವನ ಹೊಣೆಯನ್ನು ಇಷ್ಟು ನೇರವಾಗಿ ಹೇಳಿದ ಆಧುನಿಕ ಕೃತಿ ಕನ್ನಡದಲ್ಲಿ ವಿರಳ.

೫

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಶ್ನೆಯ ರೂಪ ಬದಲಾಯಿತು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಪ್ರತಿಭಟಿಸಿದರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಜೆ.ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಹಲಗಲಿಯ ಲಾವಣಿಯನ್ನು ನಾವು ಸ್ವಾತಂತ್ರ್ಯದ ಹಾಡೆಂದು ಓದುತ್ತೇವೆ, ಅದು ಸರಿಯೇ. ಅದರ ಹಿಂದೆ ಇನ್ನೊಂದು ನಷ್ಟವೂ ಇದೆ. ಆಯುಧ ಹೋದ ಮನೆಯಲ್ಲಿ ತಂದೆಯು ಮಗನಿಗೆ ಕೊಡಬೇಕಾದದ್ದೂ ಹೋಯಿತು.

ಸುರಪುರದ ರಾಜಾ ವೆಂಕಟಪ್ಪ ನಾಯಕನ ಬದುಕು ಇದರ ಇನ್ನೊಂದು ಮುಖ. ಬಾಲಕನಾಗಿದ್ದಾಗ ಅವನ ಶಿಕ್ಷಣದ ಹೊಣೆ ಹೊತ್ತವನು ಮೆಡೋಸ್ ಟೇಲರ್. 1853ರವರೆಗೆ ಅವನು ಸಂಸ್ಥಾನದ ಉಸ್ತುವಾರಿ ನೋಡಿಕೊಂಡನು. ಹುಡುಗನು ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1877ರಲ್ಲಿ, ಅವನ ಮರಣಾನಂತರ ಪ್ರಕಟವಾದ ಆ ಕೃತಿಯಲ್ಲಿ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಆದರೆ ಶಿಷ್ಯನ ಸುತ್ತಲಿನ ಬೇಡರ ಆಯುಧವನ್ನು ಗುರುವು ನೋಡುವುದು ಬಹುಮಟ್ಟಿಗೆ ಆಡಳಿತಗಾರನ ಆತಂಕದಿಂದ. ಅದರ ಹಿಂದಿನ ವಿದ್ಯೆಗೆ ಅವನ ಶಿಕ್ಷಣಕ್ರಮದಲ್ಲಿ ಎಡೆಯಿಲ್ಲ. 1858ರ ದಂಗೆಯ ನಂತರ ಸೆರೆಯಾದ ರಾಜನು ಚೆಂಗಲ್ಪಟ್ಟಿಗೆ ಸಾಗುವ ದಾರಿಯಲ್ಲಿ ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಸತ್ತನು. ಅವನಿಗೆ ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು.

ಇದಾದ ಮೇಲೆ ಬೇಟೆಯ ಬರವಣಿಗೆಯು ಸಮುದಾಯದಿಂದ ವ್ಯಕ್ತಿಗೆ ವರ್ಗವಾಗುತ್ತದೆ. ಜಿಮ್ ಕಾರ್ಬೆಟ್ ‘ಜಂಗಲ್ ಲೋರ್’ (1953) ಕೃತಿಯಲ್ಲಿ ತನ್ನ ಬಾಲ್ಯದ ಮೊದಲ ಬಂದೂಕನ್ನು ನೆನೆಯುತ್ತಾನೆ. ಎರಡು ನಳಿಗೆಗಳ ಹಳೆಯ ಬಂದೂಕು. ಒಂದು ನಳಿಗೆ ಬಿರುಕುಬಿಟ್ಟಿತ್ತು. ಇದ್ದ ಒಂದೇ ಈಡನ್ನು ವ್ಯರ್ಥ ಮಾಡಬಾರದೆಂಬ ಎಚ್ಚರವನ್ನು ಅಂಥ ಆಯುಧವೇ ಕಲಿಸಬಲ್ಲದು. ಆಂಡರ್ಸನ್‌ನ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ, ಬಂದೂಕನ್ನು ಎಂದೂ ಮುಟ್ಟದ ಒಂದು ತಲೆಮಾರಿನ ಕನ್ನಡ ಮಕ್ಕಳು ಬೇಟೆಯನ್ನು ಓದಿನ ಮೂಲಕ ಅರಿತರು. ಹೆಜ್ಜೆಗುರುತು ಓದುವ, ಗಾಳಿಯ ದಿಕ್ಕು ನೋಡುವ, ಸದ್ದನ್ನು ಗುರುತಿಸುವ ವಿದ್ಯೆ ಅವರಿಗೆ ದೊರೆತದ್ದು ಪುಟಗಳಲ್ಲಿ. ಒದೆಯಿಲ್ಲದ ದೀಕ್ಷೆಯೆಂದು ಇದನ್ನು ಕರೆಯುವುದಾದರೆ ಅದು ಅತಿಶಯೋಕ್ತಿಯಾಗದು.

೬

ಮೂರು ತಾಲೂಕುಗಳ ಬಯಲಿಗೆ ಮರಳೋಣ. ಇಲ್ಲಿಯ ಎರೆಭೂಮಿಯಲ್ಲಿ ಜೋಳದ ತೆನೆಗೆ ಹಾಲು ತುಂಬುವ ಕಾಲಕ್ಕೆ ಹುಡುಗರ ಕೈಗೆ ಬರುತ್ತಿದ್ದ ಮೊದಲ ಆಯುಧ ಬಿಲ್ಲೂ ಅಲ್ಲ, ಬಂದೂಕೂ ಅಲ್ಲ, ಕವಣೆ. ಮಂಚಿಕೆಯ ಮೇಲೆ ನಿಂತು ಕೂಗುತ್ತ ಕಲ್ಲು ಬೀಸುವ ಈ ಕೆಲಸದಲ್ಲಿ ಗುರಿಯಿರುವುದು ಹಕ್ಕಿಯನ್ನು ಕೊಲ್ಲುವುದಕ್ಕಲ್ಲ, ಎಬ್ಬಿಸುವುದಕ್ಕೆ. ಹೆಗಲನ್ನು ಒದೆಯದ, ಬೆಳೆಯನ್ನು ಉಳಿಸುವ ಈ ಆಯುಧವನ್ನು ಬೇಟೆಯ ಅಧ್ಯಯನಗಳು ಗಣನೆಗೆ ತೆಗೆದುಕೊಂಡಿಲ್ಲ. ಬಯಲುಸೀಮೆಯ ಬಾಲಕನ ಬೇಟೆದೀಕ್ಷೆಯನ್ನು ಕಾಡುಸೀಮೆಯ ಅಳತೆಗೋಲಿನಿಂದ ಅಳೆದದ್ದೇ ಇದಕ್ಕೆ ಕಾರಣ.

ಇಂದು ಕಾನೂನಿನ ಸ್ಥಿತಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ 1991ರ ತಿದ್ದುಪಡಿಗಳ ನಂತರ ಪರವಾನಗಿ ಪಡೆದ ವಿನೋದಬೇಟೆಗೂ ಎಡೆಯಿಲ್ಲ. ಚಿಗರಿಯಿರಲಿ, ಮೊಲವಿರಲಿ, ಹಬ್ಬದ ನೆಪವಿದ್ದರೂ ಬೇಟೆ ಅಪರಾಧವೇ. 1959ರ ಆಯುಧ ಕಾಯಿದೆಯು ಇಪ್ಪತ್ತೊಂದು ತುಂಬದವರಿಗೆ ಬಂದೂಕು ನಿಷೇಧಿಸುತ್ತದೆ. 2016ರ ನಿಯಮಗಳು ಹನ್ನೆರಡು ತುಂಬಿದ ಕಿರಿಯ ಗುರಿಕಾರರಿಗೆ ಕ್ರೀಡಾತರಬೇತಿಗಾಗಿ ಮಾತ್ರ ಅವಕಾಶ ಕೊಡುತ್ತವೆ. ಹೀಗಾಗಿ ಒದೆ ಕಡಿಮೆಯ ರೈಫಲನ್ನು ಮಗುವಿಗೆ ಆರಿಸುವ ಪ್ರಶ್ನೆ ನಮ್ಮಲ್ಲಿ ಉಳಿದಿರುವುದು ಗುರಿಹಲಗೆಯ ಮುಂದೆ ಮಾತ್ರ.

ಆದರೆ ಕಾನೂನು ಬೇಟೆಯನ್ನು ನಿಲ್ಲಿಸಿದಾಗ ಬೇಟೆಯೊಳಗಿದ್ದ ತಿಳಿವಳಿಕೆಯೂ ಅಪರಾಧದ ನೆರಳಿಗೆ ಸರಿಯಿತು. ಹೆಜ್ಜೆ ಓದಬಲ್ಲ ಅಜ್ಜನು ಅದನ್ನು ಮೊಮ್ಮಗನಿಗೆ ಹೇಳಲು ಅಂಜುತ್ತಾನೆ. ಸಂಗ್ರಹಕಾರನ ಮುಂದೆ ಹಾಡನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ಮೊಮ್ಮಗನಿಗೆ ಸಿಗುವುದು ಒಂದೋ ನಾಚಿಕೆ, ಇಲ್ಲವೇ ಬಡಾಯಿ. ಸಂಶೋಧಕರ ಹೊಣೆ ಇರುವುದು ಇಲ್ಲಿ. ಬೇಟೆಯ ಹಾಡನ್ನು ಸಂಗ್ರಹಿಸುವಾಗ ಅದನ್ನು ಶೌರ್ಯದ ದಾಖಲೆಯಾಗಿ ಮೆರೆಸುವುದೂ ತಪ್ಪು, ಅನಾಗರಿಕತೆಯ ಕುರುಹಾಗಿ ತಳ್ಳುವುದೂ ತಪ್ಪು. ಅದರಲ್ಲಿ ಕೊಲ್ಲುವುದೆಷ್ಟು, ಕಾಣುವುದೆಷ್ಟು ಎಂದು ಬಿಡಿಸಿ ಬರೆಯಬೇಕು. ಕಾಣುವ ಭಾಗವನ್ನು ಮಕ್ಕಳಿಗೆ ಒಪ್ಪಿಸಲು ಯಾವ ಕಾಯಿದೆಯೂ ಅಡ್ಡಿಯಾಗದು.

ಒಟ್ಟಾರೆ, ನಮ್ಮ ಪರಂಪರೆಯು ಬಾಲಕನ ಕೈಗೆ ಆಯುಧ ಕೊಡುವ ಗಳಿಗೆಯನ್ನು ಎಂದೂ ಹಗುರವಾಗಿ ಕಂಡಿಲ್ಲ. ಜನ್ನನು ಅದರ ಫಲವನ್ನು ವಂಶದಲ್ಲಿ ಕಂಡನು, ಕಣ್ಣಪ್ಪನ ಕಥೆ ಕಣ್ಣಿನಲ್ಲಿ ಕಂಡಿತು, ಕುವೆಂಪು ಗುರುವಿನ ಕೊರಳಿನಲ್ಲಿ ಕಂಡರು. ಹೆಗಲಿಗೆ ಒದೆ ಕಡಿಮೆಯಾಗುವಂತೆ ಬಂದೂಕನ್ನು ಆರಿಸಬಹುದು. ಉಳಿದ ಭಾರವನ್ನು ಮಗುವಿನೊಡನೆ ಹೊರಬೇಕಾದವನು ಆಯುಧ ಕೊಟ್ಟ ಹಿರಿಯನೇ.